ಹಿಡಿತವಿದೆ, ಹದವಿಲ್ಲ: ಹದಿಹರೆಯದವರ ಈಟಿಂಗ್ ಡಿಸಾರ್ಡರ್ ಮತ್ತು ಅವರ ಸ್ವಭಾವ

ಊಟ ಬಿಟ್ಟು ಸೊರಗುತ್ತಿರುವ ಮಗಳಿಗೆ ಮನೆಯವರು ಹೇಳುವುದು, "ಸ್ವಲ್ಪ ಮನಸ್ಸು ಮಾಡಿ ತಿನ್ನಮ್ಮ" ಅಂತ. ತಿನ್ನಲು ಕೂತರೆ ನಿಲ್ಲಿಸಲಾಗದ ಮಗನಿಗೆ ಹೇಳುವುದು, "ಸ್ವಲ್ಪ ಬಾಯಿ ಕಟ್ಟು" ಅಂತ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ. ಇದು ಮನಸ್ಸಿನ ಗಟ್ಟಿತನದ ಪ್ರಶ್ನೆ, ಮಗು ಮನಸ್ಸು ಮಾಡಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ. ಪ್ರೀತಿಯಿಂದಲೇ ಹೇಳುವ ಮಾತು, ನಿಜ. ಆದರೆ ಈ ನಂಬಿಕೆ ತಪ್ಪು. ಇದರಿಂದ ಮಗುವಿನ ಮೇಲೆ ಅಪರಾಧದ ಹೊರೆ ಬೀಳುತ್ತದೆ, ಚಿಕಿತ್ಸೆಯೂ ತಿಂಗಳುಗಟ್ಟಲೆ ತಡವಾಗುತ್ತದೆ.

ಈಟಿಂಗ್ ಡಿಸಾರ್ಡರ್ (ಊಟ ಮತ್ತು ತೂಕದ ಸುತ್ತ ಬೆಳೆಯುವ ಮಾನಸಿಕ ಕಾಯಿಲೆ) ಇರುವ ಹದಿಹರೆಯದವರಲ್ಲಿ ಸ್ವನಿಯಂತ್ರಣ ಹೇಗೆ ಕೆಲಸ ಮಾಡುತ್ತದೆ, ಅವರ ಸ್ವಭಾವಕ್ಕೂ ಕಾಯಿಲೆಗೂ ಏನು ನಂಟು ಎಂದು ಸಂಶೋಧಕರು ಬಹಳ ಕಾಲದಿಂದ ನೋಡುತ್ತಿದ್ದಾರೆ. ಆ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಈ ಮಕ್ಕಳಲ್ಲಿ ಮನೋಬಲಕ್ಕೆ ಕೊರತೆ ಇಲ್ಲ. ಎಷ್ಟೋ ಮಕ್ಕಳಲ್ಲಿ ಅದು ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಇಲ್ಲದಿರುವುದು ಹದ. ಯಾವಾಗ ಬಿಗಿ ಹಿಡಿಯಬೇಕು, ಯಾವಾಗ ಸಡಿಲ ಬಿಡಬೇಕು ಎಂದು ಸಂದರ್ಭ ನೋಡಿ ಬದಲಾಯಿಸುವ ಶಕ್ತಿ ಕೈಕೊಟ್ಟಿರುತ್ತದೆ. ಹಸಿವೇ ಆ ಶಕ್ತಿಯನ್ನು ಇನ್ನಷ್ಟು ಕೆಡಿಸುತ್ತದೆ.

ಮೊದಲು ಕಾಯಿಲೆಗಳ ಬಗ್ಗೆ ಎರಡು ಮಾತು. ಅನೊರೆಕ್ಸಿಯಾ ಇರುವವರು ತೂಕ ಏರುವುದಕ್ಕೆ ವಿಪರೀತ ಹೆದರಿ ಆಹಾರ ಕಡಿಮೆ ಮಾಡುತ್ತಾ ಹೋಗುತ್ತಾರೆ. ಬುಲಿಮಿಯಾದಲ್ಲಿ ತಡೆಯಲಾಗದಂತೆ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಮಾಡಿ ಸರಿದೂಗಿಸುವುದು ಒಂದರ ಹಿಂದೆ ಒಂದು ಬರುತ್ತವೆ. ಬಿಂಜ್ ಈಟಿಂಗ್ ಡಿಸಾರ್ಡರ್‌ನಲ್ಲಿ ತಡೆಯಲಾಗದ ತಿನ್ನುವಿಕೆ ಇರುತ್ತದೆ, ಸರಿದೂಗಿಸುವ ಪ್ರಯತ್ನ ಇರುವುದಿಲ್ಲ. ಇದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5 ಪ್ರತ್ಯೇಕ ಕಾಯಿಲೆ ಎಂದು ಒಪ್ಪಿಕೊಂಡಿದ್ದು 2013ರಲ್ಲಿ. ಇವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದಲ್ಲಿ ಮತ್ತು ಅದು ಮುಗಿಯುತ್ತಿದ್ದಂತೆ ಬರುವ ವರ್ಷಗಳಲ್ಲಿ. ಇದನ್ನು ಫ್ಯಾಷನ್ ಹುಚ್ಚು ಎಂದು ತಳ್ಳಿಹಾಕುವವರು ಒಂದು ಅಂಕಿ ನೋಡಬೇಕು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ, ಅನೊರೆಕ್ಸಿಯಾ ಇರುವವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು 6 ಪಟ್ಟು ಇತ್ತು. ಹಾಗೆ ಸತ್ತವರಲ್ಲಿ ಐವರಲ್ಲಿ ಒಬ್ಬರದ್ದು ಆತ್ಮಹತ್ಯೆ.

ತಡೆದುಕೊಳ್ಳುವುದು ಬೇರೆ, ಹೊಂದಿಸಿಕೊಳ್ಳುವುದು ಬೇರೆ

ಸ್ವನಿಯಂತ್ರಣ ಅಂದ ಕೂಡಲೇ ನಮಗೆ ನೆನಪಾಗುವುದು ಆಸೆಯನ್ನು ತಡೆದುಕೊಳ್ಳುವುದು. ಸ್ಟ್ಯಾನ್‌ಫೋರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಸಿಹಿ ತಿಂಡಿ ಇಟ್ಟು, "ಸ್ವಲ್ಪ ಹೊತ್ತು ಕಾದರೆ ಇನ್ನೊಂದು ಕೊಡ್ತೀವಿ" ಎಂದ ಪ್ರಯೋಗ ಬಹಳ ಜನರಿಗೆ ಗೊತ್ತು. ಕಾದ ಮಗು ಜಾಣ ಮಗು ಅನ್ನುವ ಪಾಠ ಅಲ್ಲಿಂದ ಮನೆಮನೆಗೂ ಹೋಯಿತು. ಆದರೆ ಕಾಯುವುದನ್ನೇ ನಿಲ್ಲಿಸಲಾಗದ ಮಗುವಿನ ಕತೆ ಏನು?

ಕೊಲಂಬಿಯಾ ವಿಶ್ವವಿದ್ಯಾಲಯದ ಜೊಆನಾ ಸ್ಟೈನ್‌ಗ್ಲಾಸ್ ಮತ್ತು ಅವರ ತಂಡ 2012ರಲ್ಲಿ ಇಂಥದ್ದೇ ಪ್ರಶ್ನೆ ಇಟ್ಟುಕೊಂಡು ಒಂದು ಅಧ್ಯಯನ ಮಾಡಿತು. ಈಗಲೇ ಸಿಗುವ ಕಡಿಮೆ ಹಣ ಬೇಕಾ, ಕಾದರೆ ಸಿಗುವ ಹೆಚ್ಚು ಹಣ ಬೇಕಾ ಎಂದು ಕೇಳಿದಾಗ, ಅನೊರೆಕ್ಸಿಯಾ ಇದ್ದವರು ಉಳಿದವರಿಗಿಂತ ಹೆಚ್ಚಾಗಿ ಕಾಯಲು ಒಪ್ಪಿದರು. ಊಟಕ್ಕೂ ತೂಕಕ್ಕೂ ಸಂಬಂಧವೇ ಇಲ್ಲದ ವಿಷಯದಲ್ಲೂ ಅಷ್ಟು ತಾಳ್ಮೆ. ಇದೇ ಗುಂಪಿನ ಮುಂದಿನ ಕೆಲಸದಲ್ಲಿ ಇನ್ನೂ ಮುಖ್ಯವಾದ ಸಂಗತಿ ಹೊರಬಂತು. ಚಿಕಿತ್ಸೆಯಿಂದ ತೂಕ ಮರಳಿದ ಮೇಲೆ ಈ ವ್ಯತ್ಯಾಸ ಕಡಿಮೆಯಾಯಿತು. ಹದಿಹರೆಯದವರಲ್ಲಿ ಮಾಡಿದ ಎಲ್ಲ ಅಧ್ಯಯನಗಳಲ್ಲೂ ಈ ವ್ಯತ್ಯಾಸ ಕಂಡಿಲ್ಲ, ಹಾಗಾಗಿ ಇದನ್ನೇ ನಿಯಮ ಎಂದು ಹಿಡಿಯಬಾರದು. ಆದರೆ "ಈ ಮಕ್ಕಳಿಗೆ ಮನೋಬಲ ಕಡಿಮೆ" ಎಂಬ ಮಾತಿಗೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಹಾಗಾದರೆ ಎಡವುವುದು ಎಲ್ಲಿ? ಬದಲಾಯಿಸಿಕೊಳ್ಳುವಲ್ಲಿ. ಲಂಡನ್‌ನಲ್ಲಿ ಕೇಟ್ ಚಾಂಟೂರಿಯಾ ಮತ್ತು ಜೊತೆಗಾರರು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದು ಇದನ್ನೇ. ಆಟದ ನಡುವೆ ನಿಯಮ ಬದಲಾದರೆ ಹೊಸ ನಿಯಮಕ್ಕೆ ಒಗ್ಗಿಕೊಳ್ಳಲು ಅನೊರೆಕ್ಸಿಯಾ ಇರುವ ಅನೇಕರಿಗೆ ಹೆಚ್ಚು ಹೊತ್ತು ಬೇಕು. ಚಿಕ್ಕ ವಿವರ ಚೆನ್ನಾಗಿ ಕಾಣುತ್ತದೆ, ಇಡೀ ಚಿತ್ರ ಕಾಣುವುದು ಕಷ್ಟ. ದೊಡ್ಡವರಲ್ಲಿ ಇದು ಎದ್ದು ಕಾಣುತ್ತದೆ, ಹದಿಹರೆಯದವರಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ಕಾಯಿಲೆ ವರ್ಷಗಟ್ಟಲೆ ಉಳಿದಂತೆ ಈ ಬಿಗಿತನ ಹೆಚ್ಚುತ್ತಾ ಹೋಗಬಹುದು ಎಂಬ ಅನುಮಾನಕ್ಕೆ ಅದೇ ಕಾರಣ. ಅಮೆರಿಕದ ಮನೋವೈದ್ಯ ತಿಮೊಥಿ ವಾಲ್ಶ್ 2013ರಲ್ಲಿ ಇದಕ್ಕೆ ಹೊಂದುವ ಒಂದು ವಿವರಣೆ ಕೊಟ್ಟರು. ಮೊದಮೊದಲು ಮಗು ಬೇಕೆಂದೇ ಊಟ ಕಡಿಮೆ ಮಾಡುತ್ತದೆ, ಅದಕ್ಕೆ ಏನೋ ಒಂದು ಪ್ರತಿಫಲ ಸಿಗುತ್ತದೆ. ಮೆಚ್ಚುಗೆ ಇರಬಹುದು, ಗೆದ್ದ ಭಾವ ಇರಬಹುದು. ಮತ್ತೆ ಮತ್ತೆ ಮಾಡಿದಂತೆ ಅದು ಅಭ್ಯಾಸವಾಗಿ ಬೇರೂರುತ್ತದೆ. ಆಮೇಲೆ ಪ್ರತಿಫಲ ಸಿಗದಿದ್ದರೂ ನಡವಳಿಕೆ ತಾನಾಗಿಯೇ ಓಡುತ್ತಿರುತ್ತದೆ. ಆ ಹಂತದಲ್ಲಿ "ಯಾಕೆ ಹೀಗೆ ಮಾಡ್ತೀಯಾ?" ಎಂದು ಕೇಳಿದರೆ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ. ಅದು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಗೊತ್ತಿರುವುದಿಲ್ಲ.

ಬುಲಿಮಿಯಾ ಮತ್ತು ಬಿಂಜ್ ಈಟಿಂಗ್‌ನಲ್ಲಿ ಚಿತ್ರ ಬೇರೆ. ಇಲ್ಲಿ ಹೆಚ್ಚು ಕಾಣುವುದು, ಮನಸ್ಸು ಕದಡಿದಾಗ ಹಿಂದುಮುಂದು ನೋಡದೆ ಏನಾದರೂ ಮಾಡಿಬಿಡುವ ಗುಣ. ಇದು ಬರೀ ದುಡುಕು ಸ್ವಭಾವ ಅಲ್ಲ. ಇದೇ ಹುಡುಗಿ ನೆಮ್ಮದಿಯಾಗಿರುವಾಗ ಚೆನ್ನಾಗಿ ಯೋಚಿಸಿ ನಡೆಯುತ್ತಾಳೆ. ಅವಮಾನ, ಒಂಟಿತನ, ಸಿಟ್ಟು, ಹೆದರಿಕೆ ಬಂದಾಗ ಮಾತ್ರ ಬ್ರೇಕ್ ಹಿಡಿಯುವುದಿಲ್ಲ. ಆ ನೋವನ್ನು ಕೆಲವು ನಿಮಿಷ ಮರೆಸುವ ದಾರಿ ತಿನ್ನುವುದು. ಅನೊರೆಕ್ಸಿಯಾದಲ್ಲಿ ಇದೇ ಕೆಲಸವನ್ನು ಹಸಿವು ಮಾಡುತ್ತದೆ. ಹೊಟ್ಟೆ ಖಾಲಿ ಇಟ್ಟರೆ ಭಾವನೆಗಳೂ ಮಂಕಾಗುತ್ತವೆ ಎಂದು ಚೇತರಿಸಿಕೊಂಡ ಎಷ್ಟೋ ಜನ ಹೇಳುತ್ತಾರೆ. ಹೊರಗಿನಿಂದ ಒಂದಕ್ಕೊಂದು ತದ್ವಿರುದ್ಧವಾಗಿ ಕಾಣುವ ಈ ಕಾಯಿಲೆಗಳ ಒಳಗೆ ನಡೆಯುತ್ತಿರುವುದು ಒಂದೇ ಬಗೆಯ ಕೆಲಸ. ತಡೆಯಲಾಗದ ಭಾವನೆಯನ್ನು ಊಟದ ಮೂಲಕ ಸಂಭಾಳಿಸುವುದು.

ಮೂರು ಬಗೆಯ ಸ್ವಭಾವಗಳು

2001ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡ್ರೂ ವೆಸ್ಟನ್ ಮತ್ತು ಅವರ ಸಹೋದ್ಯೋಗಿ ಚಿಕಿತ್ಸಕರಿಂದ ರೋಗಿಗಳ ಸ್ವಭಾವದ ವಿವರ ತರಿಸಿಕೊಂಡು ವಿಂಗಡಿಸಿದರು. ಮೂರು ಗುಂಪು ಕಂಡವು. ಮೊದಲನೆಯವರು ಓದಿನಲ್ಲಿ, ಕೆಲಸದಲ್ಲಿ ಚುರುಕು, ಎಲ್ಲವೂ ಪರ್ಫೆಕ್ಟ್ ಆಗಿರಬೇಕು ಎನ್ನುವವರು. ಎರಡನೆಯವರು ಮುದುಡಿಕೊಂಡವರು, ಭಾವನೆಗಳನ್ನು ಹೊರಗೆ ಬಿಡದೆ ಬಿಗಿ ಹಿಡಿದವರು. ಮೂರನೆಯವರು ಭಾವನೆಯ ಹೊಡೆತಕ್ಕೆ ಕೊಚ್ಚಿಹೋಗುವವರು. 2008ರಲ್ಲಿ ಹೆದರ್ ಥಾಂಪ್ಸನ್-ಬ್ರೆನರ್ ಮತ್ತು ತಂಡ ಹದಿಹರೆಯದವರಲ್ಲೂ ಇಂಥ ವಿಂಗಡಣೆ ಹೊಂದುತ್ತದೆ ಎಂದು ತೋರಿಸಿತು.

ಇದರಿಂದ ಏನು ಲಾಭ? ತುಂಬಾ ಇದೆ. ಬುಲಿಮಿಯಾ ಎಂಬ ಒಂದೇ ಹೆಸರು ಹೊತ್ತ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬಳು ತರಗತಿಗೇ ಮೊದಲು, ಒಂದು ಅಂಕ ಕಡಿಮೆ ಬಂದರೂ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ. ಇನ್ನೊಬ್ಬಳು ಜಗಳ ಆದ ರಾತ್ರಿ ಕೈಗೆ ಸಿಕ್ಕಿದ್ದನ್ನು ಮಾಡಿಬಿಡುತ್ತಾಳೆ, ಸ್ನೇಹಗಳು ಮುರಿದು ಬೀಳುತ್ತವೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬಳಿಗಾದರೂ ಅದು ತಾಗುವುದಿಲ್ಲ. "ಇನ್ನೂ ಶಿಸ್ತಾಗಿರು" ಎಂಬ ಮಾತು ಮೊದಲನೆಯವಳ ಕಾಯಿಲೆಗೆ ಗೊಬ್ಬರ ಹಾಕಿದ ಹಾಗೆ. ರೋಗದ ಹೆಸರಿನ ಜೊತೆಗೆ ರೋಗಿಯ ಸ್ವಭಾವವನ್ನೂ ಕೇಳಿ ತಿಳಿದುಕೊಳ್ಳುವ ವೈದ್ಯರು ನನ್ನ ಪ್ರಕಾರ ಅರ್ಧ ದಾರಿ ಮುಂದೆ ಇರುತ್ತಾರೆ.

ಆದರೆ ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಬೇಕು. ಹಸಿದ ಮಗುವಿನ ಸ್ವಭಾವ ನೋಡಿ "ಇವಳು ಇರೋದೇ ಹೀಗೆ" ಎಂದು ತೀರ್ಮಾನ ಮಾಡಬಾರದು. ಯಾಕೆಂದರೆ ಹಸಿವು ಸ್ವಭಾವವನ್ನೇ ಬದಲಿಸುತ್ತದೆ. ಇದಕ್ಕೆ ಅತ್ಯಂತ ಬಲವಾದ ಸಾಕ್ಷಿ ಎರಡನೇ ಮಹಾಯುದ್ಧದ ಕೊನೆಯಲ್ಲಿ ಸಿಕ್ಕಿತು. 1944ರ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡರು. ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದವರು ಇವರು. ದೇಹ ಮತ್ತು ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಹುಡುಕಿ ತೆಗೆದುಕೊಂಡಿದ್ದರು. 24 ವಾರ ಅವರಿಗೆ ಮಾಮೂಲಿನ ಸುಮಾರು ಅರ್ಧದಷ್ಟು ಆಹಾರ ಕೊಡಲಾಯಿತು. ಯುರೋಪಿನಲ್ಲಿ ಹಸಿವಿನಿಂದ ಬಳಲಿದವರನ್ನು ಹೇಗೆ ಮತ್ತೆ ಸುಧಾರಿಸುವುದು ಎಂದು ತಿಳಿಯುವುದು ಉದ್ದೇಶ.

ಆದದ್ದು ನೋಡಿ. ಆ ಯುವಕರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರದಂತಾಯಿತು. ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು. ತಟ್ಟೆಯಲ್ಲಿದ್ದುದನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನುತ್ತಿದ್ದರು. ಮಾತು ಕಡಿಮೆಯಾಯಿತು, ಸಿಡುಕು ಹೆಚ್ಚಿತು, ಖಿನ್ನತೆ ಬಂತು, ಗೆಳೆಯರ ಜೊತೆ ಬೆರೆಯುವುದು ನಿಂತಿತು. ಕೆಲವರು ಕದ್ದು ತಿಂದು ಆಮೇಲೆ ಕೊರಗಿದರು. ಮತ್ತೆ ಆಹಾರ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ನಿಲ್ಲಿಸಲಾಗಲಿಲ್ಲ. ಇವರಲ್ಲಿ ಯಾರಿಗೂ ತೆಳ್ಳಗಾಗಬೇಕೆಂಬ ಆಸೆ ಇರಲಿಲ್ಲ. ದೇಹಕ್ಕೆ ಆಹಾರ ಸಾಲದೆ ಹೋಗಿದ್ದೇ ಇಷ್ಟಕ್ಕೆಲ್ಲ ಸಾಕಾಯಿತು. 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬಂದ ಈ ವರದಿಯನ್ನು ಈಟಿಂಗ್ ಡಿಸಾರ್ಡರ್ ಚಿಕಿತ್ಸಕರು ಇಂದಿಗೂ ನೆನೆಯುತ್ತಾರೆ. ಮೊಂಡುತನ, ಗುಟ್ಟು, ಮಂಕುತನ ಎಂದು ನಾವು ಮಗುವಿನ ಲೆಕ್ಕಕ್ಕೆ ಬರೆಯುವ ಎಷ್ಟೋ ಗುಣಗಳು ನಿಜವಾಗಿ ಹಸಿವಿನ ಲೆಕ್ಕಕ್ಕೆ ಸೇರಬೇಕಾದವು.

ಎಲ್ಲವೂ ಹಸಿವಿನಿಂದಲೇ ಬಂದದ್ದು ಅಂತಲೂ ಅಲ್ಲ. ಲಂಡನ್‌ನಲ್ಲಿ 2003ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕಾಯಿಲೆ ಬಂದ ಮಹಿಳೆಯರ ಬಾಲ್ಯದ ಬಗ್ಗೆ ವಿಚಾರಿಸಲಾಯಿತು. ಎಲ್ಲವೂ ಅಚ್ಚುಕಟ್ಟಾಗಿರಬೇಕು, ನಿಯಮ ತಪ್ಪಬಾರದು, ಬದಲಾವಣೆ ಬೇಡ ಎನ್ನುವ ಗುಣಗಳು ಅವರಲ್ಲಿ ಚಿಕ್ಕಂದಿನಲ್ಲೇ ಹೆಚ್ಚಿದ್ದವು. ಇಂಥ ಗುಣ ಹೆಚ್ಚಿದಷ್ಟೂ ಮುಂದೆ ಕಾಯಿಲೆ ಬರುವ ಸಂಭವವೂ ಹೆಚ್ಚಾಗಿತ್ತು. ವಂಶವಾಹಿಗಳ ಪಾಲೂ ಇದೆ. 2019ರಲ್ಲಿ ಅನೊರೆಕ್ಸಿಯಾ ಇರುವ 16,992 ಜನರ ಡಿಎನ್ಎ ನೋಡಿದಾಗ, ಕಾಯಿಲೆಗೆ ನಂಟಿರುವ 8 ಜಾಗಗಳು ಕಂಡವು. ಆ ನಂಟು ಆತಂಕ, ಗೀಳಿನಂಥ ಮಾನಸಿಕ ಸಮಸ್ಯೆಗಳ ಕಡೆಗೂ ಇತ್ತು, ದೇಹ ಆಹಾರವನ್ನು ಬಳಸಿಕೊಳ್ಳುವ ರೀತಿಯ ಕಡೆಗೂ ಇತ್ತು. ಅಂದರೆ ಕೆಲವು ಮಕ್ಕಳಿಗೆ ತೂಕ ಇಳಿಸುವುದು ಉಳಿದವರಿಗಿಂತ ಸುಲಭ, ಅದರಿಂದ ಹೊರಬರುವುದು ಉಳಿದವರಿಗಿಂತ ಕಷ್ಟ ಇರಬಹುದು. ತಾಯಿಯ ಸಾಕಣೆ ಸರಿಯಿಲ್ಲ ಎಂದು ಬೆರಳು ತೋರಿಸುವವರು ಇದನ್ನೊಮ್ಮೆ ಓದಲಿ.

ಡಯಟ್ ಎಂಬ ಬಾಗಿಲು

ಸ್ವಭಾವ ಒಂದೇ ಸಾಕಾಗುವುದಿಲ್ಲ, ಅದಕ್ಕೊಂದು ಬಾಗಿಲು ಬೇಕು. ಹದಿಹರೆಯದಲ್ಲಿ ದೇಹ ದಿನದಿಂದ ದಿನಕ್ಕೆ ಬದಲಾಗುತ್ತದೆ. ಭಾವನೆಗಳು ಜೋರಾಗುತ್ತವೆ, ಅವನ್ನು ಹದಕ್ಕೆ ತರುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಓರಗೆಯವರ ಮೆಚ್ಚುಗೆ ಬೇರೆಲ್ಲದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಕೈಗೆ ಸುಲಭವಾಗಿ ಸಿಗುವ ಹಿಡಿತವೆಂದರೆ ಡಯಟ್.

ಆಸ್ಟ್ರೇಲಿಯಾದ ಜಾರ್ಜ್ ಪ್ಯಾಟನ್ ಮತ್ತು ತಂಡ 14-15 ವಯಸ್ಸಿನ ವಿದ್ಯಾರ್ಥಿಗಳನ್ನು 3 ವರ್ಷ ಹಿಂಬಾಲಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿತು. ತೀವ್ರವಾಗಿ ಡಯಟ್ ಮಾಡುತ್ತಿದ್ದ ಹುಡುಗಿಯರಿಗೆ, ಮಾಡದವರಿಗಿಂತ 18 ಪಟ್ಟು ಹೆಚ್ಚು ಈಟಿಂಗ್ ಡಿಸಾರ್ಡರ್ ಬರುವ ಸಂಭವ ಇತ್ತು. ಮಿತವಾಗಿ ಮಾಡುತ್ತಿದ್ದವರಲ್ಲೂ ಅದು 5 ಪಟ್ಟು. ಡಯಟ್ ಮಾಡಿದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಆದರೆ ಕಾಯಿಲೆ ಬಂದವರಲ್ಲಿ ಬಹುಪಾಲು ಆ ಬಾಗಿಲಿನಿಂದಲೇ ಒಳಗೆ ಹೋದವರು.

ಬಿಗಿ ನಿಯಮ ಯಾಕೆ ಒಡೆಯುತ್ತದೆ ಎಂಬುದನ್ನು 1975ರ ಒಂದು ಪ್ರಯೋಗ ತೋರಿಸಿತ್ತು. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಮ್ ರುಚಿ ನೋಡಲು ಹೇಳಿದರು. ಊಟದ ಬಗ್ಗೆ ನಿರ್ಬಂಧ ಇಲ್ಲದವರು, ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಕಟ್ಟುಪಾಡಿನಲ್ಲಿ ತಿನ್ನುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಜಾಸ್ತಿ ತಿಂದರು. ಇವತ್ತಿನ ನಿಯಮ ಹೇಗೂ ಮುರಿಯಿತಲ್ಲ, ಇನ್ನೇನು ಎಂಬ ಭಾವ. ಹೊಟ್ಟೆ ತುಂಬಿದೆ ಎಂಬ ದೇಹದ ಮಾತಿಗೆ ಅಲ್ಲಿ ಬೆಲೆ ಇಲ್ಲ, ನಿಯಮ ಉಳಿದಿದೆಯೋ ಮುರಿದಿದೆಯೋ ಎಂಬುದಕ್ಕೆ ಮಾತ್ರ ಬೆಲೆ. ಪರ್ಫೆಕ್ಟ್ ಆಗಿರಬೇಕೆಂಬ ಮಗುವಿನಲ್ಲಿ ಇದು ಇನ್ನೂ ತೀವ್ರ. ಒಂದು ತುತ್ತು ಹೆಚ್ಚಾದರೆ ಇಡೀ ದಿನ ಹಾಳು. ಮರುದಿನ ಇನ್ನಷ್ಟು ಕಠಿಣ ನಿಯಮ, ಇನ್ನಷ್ಟು ಹಸಿವು, ಮತ್ತೆ ಕಟ್ಟೆ ಒಡೆಯುವುದು. ಬಿಂಜ್ ಈಟಿಂಗ್ ಇರುವ ಮಗುವಿಗೆ ಕಟ್ಟುನಿಟ್ಟಿನ ಡಯಟ್ ಚಾರ್ಟ್ ಕೊಡುವುದು ಯಾಕೆ ತಪ್ಪು ಎಂದು ಈಗ ಗೊತ್ತಾಗುತ್ತದೆ ಅಲ್ವಾ?

ದೊಡ್ಡವರ ಮೆಚ್ಚುಗೆ ಈ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ ಎಂಬುದು ನನ್ನ ದೊಡ್ಡ ಸಂಕಟ. ಬೆಳಗ್ಗೆ ಬೇಗ ಏಳುವ, ಎದುರು ಮಾತಾಡದ, ಸಿಹಿ ಬೇಡ ಎನ್ನುವ, ತಪ್ಪದೆ ವ್ಯಾಯಾಮ ಮಾಡುವ ಮಗು ಎಲ್ಲರಿಗೂ ಇಷ್ಟ. ತೂಕ ಇಳಿದಾಗ "ಎಷ್ಟು ಚೆನ್ನಾಗಿ ಕಾಣ್ತಿದೀಯ" ಎನ್ನುತ್ತೇವೆ. ಕಾಯಿಲೆಯ ಮೊದಲ ತಿಂಗಳುಗಳು ಎಷ್ಟೋ ಮನೆಗಳಲ್ಲಿ ಶಿಸ್ತಿನ ಮೆರವಣಿಗೆಯಂತೆ ಸಾಗುತ್ತವೆ. ದಪ್ಪ ಇದ್ದ ಮಗುವಾದರಂತೂ ಯಾರಿಗೂ ಅನುಮಾನವೇ ಬರುವುದಿಲ್ಲ. ತೂಕ ವೇಗವಾಗಿ ಇಳಿದರೆ, ನೋಡಲು ತೆಳ್ಳಗಿಲ್ಲದಿದ್ದರೂ ಹೃದಯದ ಬಡಿತ, ರಕ್ತದೊತ್ತಡ ಅಪಾಯಕ್ಕೆ ಇಳಿಯಬಹುದು. ಹುಡುಗರಲ್ಲಿ ಇದು ಇನ್ನೂ ತಡವಾಗಿ ಪತ್ತೆಯಾಗುತ್ತದೆ. ಮೈಕಟ್ಟು ಬೆಳೆಸುವ ಉತ್ಸಾಹ ಎಂದುಕೊಂಡು ಸುಮ್ನೆ ಇದ್ದುಬಿಡುತ್ತೇವೆ.

ಮಗುವಿನ ಹೆಗಲಿನಿಂದ ಇಳಿಸುವುದು

1873ರಲ್ಲಿ ಲಂಡನ್‌ನ ವಿಲಿಯಂ ಗಲ್ ಮತ್ತು ಪ್ಯಾರಿಸ್‌ನ ಷಾರ್ಲ್ ಲಾಸೆಗ್, ಈ ಇಬ್ಬರು ವೈದ್ಯರೂ ಬೇರೆ ಬೇರೆಯಾಗಿ ಅನೊರೆಕ್ಸಿಯಾವನ್ನು ವಿವರಿಸಿದರು. ಇಂಥ ರೋಗಿಯನ್ನು ನೋಡಿಕೊಳ್ಳಲು ಮನೆಯವರು ತಕ್ಕವರಲ್ಲ ಎಂಬುದು ಗಲ್ ಅಭಿಪ್ರಾಯ. ಹೆತ್ತವರನ್ನು ದೂರ ಇಡುವ ಪದ್ಧತಿ ಮುಂದೆ ಬಹಳ ಕಾಲ ನಡೆಯಿತು. ಅದನ್ನು ತಿರುಗಿಸಿದ್ದು ಲಂಡನ್‌ನ ಮಾಡ್ಸ್ಲೆ ಆಸ್ಪತ್ರೆಯ ಗುಂಪು. ಬುಲಿಮಿಯಾಕ್ಕೆ 1979ರಲ್ಲಿ ಹೆಸರು ಕೊಟ್ಟ ಜೆರಾಲ್ಡ್ ರಸೆಲ್ ಅದರಲ್ಲಿದ್ದರು. 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಎಳೆ ವಯಸ್ಸಿನಲ್ಲಿ ಕಾಯಿಲೆ ಶುರುವಾಗಿ ಹೆಚ್ಚು ಕಾಲ ಆಗಿರದವರಿಗೆ ಕುಟುಂಬವನ್ನು ಸೇರಿಸಿಕೊಂಡ ಚಿಕಿತ್ಸೆ ಚೆನ್ನಾಗಿ ಹಿಡಿಯಿತು.

ಈ ಚಿಕಿತ್ಸೆಯ ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ತಿನ್ನಬೇಕು ಎಂಬ ನಿರ್ಧಾರವನ್ನು ಹೆತ್ತವರು ತೆಗೆದುಕೊಳ್ಳುತ್ತಾರೆ. ಕೂತು, ಜೊತೆಗಿದ್ದು, ಗದರದೆ, ಮಣಿಯದೆ ಊಟ ಮಾಡಿಸುತ್ತಾರೆ. ತೂಕ ಮರಳಿದಂತೆ ಎರಡನೇ ಹಂತದಲ್ಲಿ ನಿರ್ಧಾರ ನಿಧಾನವಾಗಿ ಮಗುವಿನ ಕೈಗೆ ಬರುತ್ತದೆ. ಮೂರನೆಯದರಲ್ಲಿ ಹದಿಹರೆಯದ ಉಳಿದ ವಿಷಯಗಳ ಮಾತು. ಸ್ವನಿಯಂತ್ರಣದ ಕಡೆಯಿಂದ ನೋಡಿದರೆ ಇದರ ಅರ್ಥ ಸರಳ. ಹದ ತಪ್ಪಿದ ಕೆಲಸವನ್ನು ಮಗುವಿನ ಹೆಗಲಿನಿಂದ ಇಳಿಸಿ, ಅದು ಮತ್ತೆ ಹೊರುವಷ್ಟು ಆಗುವವರೆಗೆ ದೊಡ್ಡವರು ಹೊರುತ್ತಾರೆ. 2010ರಲ್ಲಿ 121 ಹದಿಹರೆಯದವರ ಮೇಲೆ ನಡೆದ ಹೋಲಿಕೆಯಲ್ಲಿ, ಚಿಕಿತ್ಸೆ ಮುಗಿದು ಒಂದು ವರ್ಷದ ನಂತರ ಕುಟುಂಬ ಚಿಕಿತ್ಸೆ ಪಡೆದವರಲ್ಲಿ ಸುಮಾರು 49% ಪೂರ್ತಿ ಚೇತರಿಸಿಕೊಂಡಿದ್ದರು. ಮಗುವಿನ ಜೊತೆ ಮಾತ್ರ ಕೆಲಸ ಮಾಡಿದ ಚಿಕಿತ್ಸೆಯಲ್ಲಿ ಅದು 23%.

ಅರ್ಧದಷ್ಟು ಮಕ್ಕಳಿಗೆ ಇಷ್ಟೇ ಸಾಲುವುದಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಸ್ವಭಾವದ ವಿಂಗಡಣೆ ನೆರವಿಗೆ ಬರುವುದು ಇಲ್ಲಿ. ಭಾವನೆಯ ಹೊಡೆತಕ್ಕೆ ಕೊಚ್ಚಿಹೋಗುವ ಮಗುವಿಗೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆಯನ್ನು ಹೊಂದಿಸಿ ಕೊಡುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಈ ವಿಧಾನದಲ್ಲಿ ನೋವಿನ ಅಲೆ ಬಂದಾಗ ಅದು ಇಳಿಯುವವರೆಗೆ ನಿಲ್ಲುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ. ಬಿಗಿ ಹಿಡಿದು ಮುದುಡಿದ ಮಗುವಿಗೆ ಬೇಕಿರುವುದು ಇದರ ಉಲ್ಟಾ. ತಪ್ಪು ಮಾಡಲು, ಮನಸ್ಸಿನಲ್ಲಿದ್ದದ್ದನ್ನು ತೋರಿಸಲು, ಪ್ಲಾನ್ ಇಲ್ಲದೆ ಒಂದು ಮಧ್ಯಾಹ್ನ ಕಳೆಯಲು ಕಲಿಯುವುದು. ಆಟದಂಥ ಅಭ್ಯಾಸಗಳ ಮೂಲಕ ಯೋಚನೆಯ ಬಿಗಿತನ ಸಡಿಲಿಸುವ ಚಿಕಿತ್ಸೆಯನ್ನು ಚಾಂಟೂರಿಯಾ ತಂಡ ರೂಪಿಸಿದೆ. ಅದನ್ನು ಮುಖ್ಯ ಚಿಕಿತ್ಸೆಯ ಜೊತೆಗೆ ಕೊಡುತ್ತಾರೆ, ಬದಲಿಗೆ ಅಲ್ಲ. ಪರ್ಫೆಕ್ಟ್ ಆಗಬೇಕೆಂಬ ಹಠವೇ ಕಾಯಿಲೆಯನ್ನು ಹಿಡಿದಿಟ್ಟಿದ್ದರೆ, ಆ ಹಠದ ಮೇಲೆಯೇ ಕೆಲಸ ಮಾಡುವ ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ) ಇದೆ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಮತ್ತು ಜೊತೆಗಾರರು 2003ರಲ್ಲಿ ಹೀಗೆ ಎಲ್ಲ ಈಟಿಂಗ್ ಡಿಸಾರ್ಡರ್‌ಗಳಿಗೂ ಹೊಂದುವ ಒಂದು ಚೌಕಟ್ಟು ಮುಂದಿಟ್ಟರು.

ಅನುಮಾನ ಬಂದ ಮನೆಯವರು ಮಗುವಿನ ಒಪ್ಪಿಗೆಗಾಗಿ ಕಾಯುತ್ತಾ ಕೂರಬಾರದು. ತನಗೇನೂ ಆಗಿಲ್ಲ ಎನ್ನುವುದು ಈ ಕಾಯಿಲೆಯ ಲಕ್ಷಣವೇ. ವೈದ್ಯರ ಹತ್ತಿರ ಹೋದಾಗ ಈಗಿನ ತೂಕ ಹೇಳಿದರೆ ಸಾಲದು, ಎಷ್ಟು ತಿಂಗಳಲ್ಲಿ ಎಷ್ಟು ಇಳಿಯಿತು ಎಂದು ಹೇಳಿ. ಮುಟ್ಟು ನಿಂತಿದೆಯಾ, ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಾಳಾ, ಚಳಿ ಜಾಸ್ತಿಯಾಗಿದೆಯಾ, ಗೆಳೆಯರನ್ನು ಬಿಟ್ಟಿದ್ದಾನಾ, ಇದನ್ನೆಲ್ಲ ಹೇಳಿ. ಚಿಕ್ಕಂದಿನಿಂದ ಮಗುವಿನ ಸ್ವಭಾವ ಹೇಗಿತ್ತು, ಈಗ ಎಷ್ಟು ಬದಲಾಗಿದೆ ಎಂಬುದೂ ಮುಖ್ಯ ಮಾಹಿತಿ. ತಲೆಸುತ್ತಿ ಬೀಳುವುದು, ಎದೆ ಬಡಿತ ಏರುಪೇರಾಗುವುದು, ವಾಂತಿಯಲ್ಲಿ ರಕ್ತ, ನೀರನ್ನೂ ಬೇಡ ಎನ್ನುವುದು, ಸಾಯುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತುಂಬಾ ಸೊರಗಿದ ಮಗುವಿಗೆ ಮನೆಯಲ್ಲೇ ಒಮ್ಮೆಲೇ ಜಾಸ್ತಿ ತಿನ್ನಿಸಲೂಬಾರದು. ದೇಹದ ಲವಣಾಂಶಗಳು ಹಠಾತ್ ಏರುಪೇರಾಗಿ ಹೃದಯಕ್ಕೆ ಅಪಾಯ ಆಗಬಹುದು, ಹಾಗಾಗಿ ಆಹಾರ ಹೆಚ್ಚಿಸುವುದು ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು.

ತೂಕ ಮರಳಿದ ಮೇಲೆ ಮಗುವಿನ ಸ್ವಭಾವವನ್ನು ಮತ್ತೊಮ್ಮೆ ನೋಡಿ ಅಳೆಯಬೇಕು. ಮಂಕು, ಸಿಡುಕು, ಗುಟ್ಟು ಇವುಗಳಲ್ಲಿ ಬಹಳಷ್ಟು ಕರಗಿರುತ್ತವೆ. ಅಚ್ಚುಕಟ್ಟು, ಛಲ, ತಪ್ಪಿನ ಹೆದರಿಕೆ ಅಷ್ಟಿಷ್ಟು ಉಳಿಯುತ್ತವೆ. ಪೂರ್ತಿ ಚೇತರಿಸಿಕೊಂಡವರಲ್ಲೂ ಇವು ಉಳಿದದ್ದನ್ನು ಅಧ್ಯಯನಗಳು ಕಂಡಿವೆ. ಇದನ್ನು ಕಿತ್ತುಹಾಕಬೇಕಿಲ್ಲ. ಆದರೆ ಪರೀಕ್ಷೆ, ಊರು ಬದಲಾವಣೆ, ಮನೆಯಲ್ಲೊಂದು ಸಾವು, ಮುರಿದ ಸ್ನೇಹ ಇಂಥ ಹೊತ್ತಿನಲ್ಲಿ ಅದೇ ಗುಣ ಮತ್ತೆ ಊಟದ ಕಡೆ ತಿರುಗಬಹುದು. ಆ ದಿನಗಳಲ್ಲಿ ಯಾರು ಜೊತೆಗೆ ಕೂತು ಊಟ ಮಾಡುತ್ತಾರೆ, ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಚಿಕಿತ್ಸೆ ಮುಗಿಯುವ ಮುಂಚೆಯೇ ಮಗು, ಹೆತ್ತವರು, ವೈದ್ಯರು ಕೂತು ಬರೆದಿಟ್ಟುಕೊಳ್ಳುತ್ತಾರೆ.